ಫೋರ್ಟ್‌ನ ಕಚೇರಿಯಲ್ಲಿದ್ದ ಕಾರವಾರದ 'ವಿಲಿಯಂ': ದಾಂಡೇಲಿ ಕಾಡಿನ ಕ್ಯಾಂಪ್‌ನಲ್ಲಿ ಹುಲಿಗಿಂತ ಮಂಗಟ್ಟೆಗೆ ಕಾಯುವುದೇಕೆ?

ಮುಂಬೈನ ಫೋರ್ಟ್‌ನಲ್ಲಿ, ಶಹೀದ್ ಭಗತ್ ಸಿಂಗ್ ರಸ್ತೆಯ ಲಯನ್ ಗೇಟ್ ಎದುರು 'ಹಾರ್ನ್‌ಬಿಲ್ ಹೌಸ್' ಎಂಬ ಕಟ್ಟಡವಿದೆ. ಇದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ (ಬಿಎನ್‌ಎಚ್‌ಎಸ್) ಕಚೇರಿ. ದಿನವೂ ಅದರ ಮುಂದೆ ಓಡಾಡುವ ಮುಂಬೈ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ, ಆ ಹೆಸರಿನ ಹಿಂದಿರುವ ಹಕ್ಕಿ ನಮ್ಮ ಕಾರವಾರದಿಂದ ಬಂದದ್ದು.

1883ರಲ್ಲಿ ಎಂಟು ಮಂದಿ ಸೇರಿ ಕಟ್ಟಿದ ಈ ಸಂಸ್ಥೆಗೆ 1894ರಲ್ಲಿ ಕಾರವಾರದಿಂದ ಮೂರು ತಿಂಗಳ ಮಂಗಟ್ಟೆ ಮರಿಯೊಂದು ಉಡುಗೊರೆಯಾಗಿ ಬಂತು. ಅದಕ್ಕೆ ವಿಲಿಯಂ ಎಂದು ಹೆಸರಿಟ್ಟರು. ಮೂರು ವರ್ಷಕ್ಕೆ ಕೊಕ್ಕಿನಿಂದ ಬಾಲದವರೆಗೆ ಸುಮಾರು ನಾಲ್ಕೂಕಾಲು ಅಡಿ ಬೆಳೆದ ವಿಲಿಯಂ, 1920ರಲ್ಲಿ ಸಾಯುವವರೆಗೂ ಅಂದರೆ 26 ವರ್ಷ ಫೋರ್ಟ್‌ನ ಆಗಿನ ಕಚೇರಿಯಲ್ಲೇ ಇತ್ತು. ಬಾಳೆಹಣ್ಣು, ಕಾಡು ಅತ್ತಿಯ ಜತೆಗೆ ಇಲಿ, ಚೇಳನ್ನೂ ಬಿಡುತ್ತಿರಲಿಲ್ಲ. ಮೂವತ್ತು ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲೇ ಹಿಡಿಯುತ್ತಿತ್ತಂತೆ. 1933ರಲ್ಲಿ ಸಂಸ್ಥೆಗೆ ಐವತ್ತು ತುಂಬಿದಾಗ ಅದರ ಚಿತ್ರವೇ ಲಾಂಛನವಾಯಿತು. ಗುಬ್ಬಿಯೊಂದರ ಗುರುತು ಕೇಳಲು ಬಾಲಕ ಸಲೀಂ ಅಲಿ ಈ ಕಚೇರಿಯ ಮೆಟ್ಟಿಲು ಹತ್ತಿದ್ದೂ ವಿಲಿಯಂ ಬದುಕಿದ್ದ ಕಾಲದಲ್ಲೇ.

ಆಗ ಹಕ್ಕಿಯೇ ಕಾಡು ಬಿಟ್ಟು ಮುಂಬೈಗೆ ಬಂದಿತ್ತು. ಈಗ ಮುಂಬೈನವರು ಹಕ್ಕಿಯನ್ನು ಹುಡುಕಿಕೊಂಡು ವಿಲಿಯಂ ಬಂದ ಜಿಲ್ಲೆಗೇ ಹೋಗುತ್ತಾರೆ. ಧಾರವಾಡ, ಅಳ್ನಾವರ ಅಥವಾ ಲೋಂಡಾದಲ್ಲಿ ರೈಲಿಳಿದು ಉತ್ತರ ಕನ್ನಡದ ದಾಂಡೇಲಿ, ಗಣೇಶಗುಡಿ ಕಡೆಗೆ ತಿರುಗಿದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಸಿಗುತ್ತದೆ.

ಇಲ್ಲಿ ಹುಲಿ ಇದೆಯಾ?

ಕ್ಯಾಂಪ್‌ಗೆ ಬಂದವರ ಮೊದಲ ಪ್ರಶ್ನೆ ಇದೇ. ಇದೆ. ಕರಿಚಿರತೆಯೂ ಇದೆ. ಆದರೆ ಕಾಣುವುದು ಅಪರೂಪ. ಬಂಡೀಪುರ, ಕಬಿನಿಯಲ್ಲಿ ಕಾಡು ತೆರೆದಿರುತ್ತದೆ, ಬೇಸಿಗೆಯಲ್ಲಿ ಹಿನ್ನೀರಿನ ದಂಡೆಗೆ ಪ್ರಾಣಿಗಳು ಬರುತ್ತವೆ. ಕಾಳಿಯದು ಪಶ್ಚಿಮ ಘಟ್ಟದ ದಟ್ಟ ಕಾಡು, ವರ್ಷದ ಬಹುಪಾಲು ನೀರಿಗೆ ಬರವಿಲ್ಲ. ಹತ್ತು ಅಡಿ ಆಚೆ ನಿಂತ ಕಾಟಿಯೂ ಕಣ್ಣಿಗೆ ಬೀಳದಿರಬಹುದು. ಫಣಸೋಲಿಯಲ್ಲಿ ಜೀಪ್ ಸಫಾರಿ ಮುಗಿಸಿ 'ಏನೂ ಕಾಣಲಿಲ್ಲ' ಎಂದು ಮುಖ ಸಣ್ಣದು ಮಾಡಿಕೊಂಡು ಬರುವವರು ಹೆಚ್ಚಾಗಿ ಹುಲಿಯೊಂದನ್ನೇ ಲೆಕ್ಕಕ್ಕೆ ಹಿಡಿದವರು.

ಇದಕ್ಕೆ ತದ್ವಿರುದ್ಧವಾದ ಕ್ಯಾಂಪ್ ಗಣೇಶಗುಡಿಯ ಬಳಿಯ 'ಓಲ್ಡ್ ಮ್ಯಾಗಜಿನ್ ಹೌಸ್'. ಸೂಪಾ ಅಣೆಕಟ್ಟು ಕಟ್ಟುವಾಗ ಸ್ಫೋಟಕಗಳನ್ನು ಇಡುತ್ತಿದ್ದ ಜಾಗ ಇದು, ಹೆಸರು ಬಂದದ್ದೂ ಅದರಿಂದಲೇ. ಈಗ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುತ್ತಿದೆ. ಸಿಡಿಮದ್ದು ಇಟ್ಟಿದ್ದ ಜಾಗದಲ್ಲಿ ಈಗ ಜನ ಪಿಸುಮಾತಿನಲ್ಲಿ ಮಾತಾಡುತ್ತಾರೆ!

ಇಲ್ಲಿನ ದಿನಚರಿಯಲ್ಲಿ ಓಡಾಟ ಕಡಿಮೆ, ಕೂರುವುದೇ ಹೆಚ್ಚು. ಬೆಳಕು ಹರಿಯುವ ಮೊದಲು ಚಹಾ. ಆಮೇಲೆ ಹಕ್ಕಿಗಳಿಗೆಂದು ಇಟ್ಟ ಸಣ್ಣ ನೀರಿನ ತೊಟ್ಟಿಗಳ ಎದುರು ಜಾಗ ಹಿಡಿಯಬೇಕು. ನವರಂಗ, ಶಾಮಾ, ಬಿಳಿ ರಿಬ್ಬನ್‌ನಂಥ ಬಾಲದ ರಾಜಹಕ್ಕಿ ಒಂದೊಂದಾಗಿ ಇಳಿದು ಸ್ನಾನ ಮಾಡಿ ಹೋಗುತ್ತವೆ. ಮೇಲಿನ ಕೊಂಬೆಯಲ್ಲಿ ಕೆಂದಳಿಲು ಹಾರುತ್ತದೆ. ಮಹಾರಾಷ್ಟ್ರದವರಿಗೆ ಇದು ತಮ್ಮ ರಾಜ್ಯಪ್ರಾಣಿ ಶೇಕರು. ಬಿಸಿಲೇರಿದ ಮೇಲೆ ಕಾಡು ಸುಮ್ಮನಾಗುತ್ತದೆ, ಊಟ ಮತ್ತು ನಿದ್ದೆಯ ಹೊತ್ತು. ಸಂಜೆ ಮತ್ತೆ ತೊಟ್ಟಿಯ ಎದುರು. ಕತ್ತಲಾದ ಮೇಲೆ ಅದೃಷ್ಟವಿದ್ದರೆ ಮರದಿಂದ ಮರಕ್ಕೆ ತೇಲುವ ಹಾರುಬೆಕ್ಕು. ಮಳೆಗಾಲದಲ್ಲಿ ಹೋದರೆ ಮೊದಲು ಭೇಟಿಯಾಗುವುದು ಉಂಬಳ.

ನಾಲ್ಕು ಬಗೆಯ ಮಂಗಟ್ಟೆ

ಕರ್ನಾಟಕದಲ್ಲಿ ಕಾಣುವ ನಾಲ್ಕು ಬಗೆಯ ಮಂಗಟ್ಟೆಗಳೂ ದಾಂಡೇಲಿ ಸೀಮೆಯಲ್ಲಿವೆ: ವಿಲಿಯಂನ ಕುಲದ ಗ್ರೇಟ್ ಹಾರ್ನ್‌ಬಿಲ್, ಮಲಬಾರ್ ಪೈಡ್, ಮಲಬಾರ್ ಗ್ರೇ ಮತ್ತು ಇಂಡಿಯನ್ ಗ್ರೇ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುವುದು ಗ್ರೇಟ್ ಹಾರ್ನ್‌ಬಿಲ್. ರೆಕ್ಕೆ ಬಡಿತ ಉಗಿಬಂಡಿಯ ಏದುಸಿರಿನ ಹಾಗೆ ಕೇಳುತ್ತದೆ. ಮನುಷ್ಯರಿಗೆ ವಿಷವಾದ ಬೀಜವುಳ್ಳ ಕಾಸರಕದ ಹಣ್ಣನ್ನೂ ಮಲಬಾರ್ ಪೈಡ್ ಆರಾಮಾಗಿ ತಿನ್ನುತ್ತದೆ.

ಇವುಗಳ ಬದುಕು ನಿಂತಿರುವುದು ದೊಡ್ಡ ಮರದ ಪೊಟರೆಯ ಮೇಲೆ. ಕೊಕ್ಕು ಎಷ್ಟೇ ದೊಡ್ಡದಿದ್ದರೂ ಮಂಗಟ್ಟೆಗೆ ಮರಕುಟಿಗದಂತೆ ತೂತು ಕೊರೆಯಲು ಬರುವುದಿಲ್ಲ. ಹಳೆಯ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕು. ಬೇಸಿಗೆಗೆ ಮುಂಚೆ ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲನ್ನು ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಒಳಗೆ ಅದರ ಹಾರುವ ಗರಿಗಳೂ ಉದುರುತ್ತವೆ. ಮುಂದಿನ ವಾರಗಟ್ಟಲೆ ಕಾಲ ತಾಯಿ, ಮರಿ ಇಬ್ಬರ ಹೊಟ್ಟೆಯೂ ಹೊರಗಿರುವ ಗಂಡಿನ ಕೈಯಲ್ಲಿ. ಅದು ಗಂಟಲಲ್ಲಿ ತುಂಬಿಕೊಂಡು ಬಂದ ಅತ್ತಿಹಣ್ಣನ್ನು ಒಂದೊಂದಾಗಿ ಹೊರತಂದು ಸೀಳಿನೊಳಗೆ ದಾಟಿಸುತ್ತದೆ.

ಆ ಹೊತ್ತಿನಲ್ಲಿ ಮರದ ಕೆಳಗೆ ಕ್ಯಾಮೆರಾ ಹಿಡಿದ ಹತ್ತು ಜನ ನಿಂತರೆ ಗಂಡು ಹತ್ತಿರ ಬರಲು ಹಿಂಜರಿಯುತ್ತದೆ. ನಮಗೆ ಫೋಟೊ ತಪ್ಪಿದರೆ ನಷ್ಟವಿಲ್ಲ, ಒಳಗಿದ್ದವರಿಗೆ ಊಟ ತಪ್ಪುತ್ತದೆ. ಗೂಡಿನ ಬಳಿ ಹೋಗೋಣ ಎಂದರೆ ಗೈಡ್ 'ಬೇಡ' ಎನ್ನುವುದು ಅದಕ್ಕೇ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಅಷ್ಟೇ ಕೆಟ್ಟ ಚಾಳಿ.

ಆದರೆ ಪ್ರವಾಸಿಗರಿಗಿಂತ ದೊಡ್ಡ ಚಿಂತೆ ಮರಗಳದ್ದು. 2018ರಲ್ಲಿ ಗ್ರೇಟ್ ಹಾರ್ನ್‌ಬಿಲ್ ಅನ್ನು ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ತುತ್ತಾಗಬಹುದಾದ ಪ್ರಭೇದಗಳ ಸಾಲಿಗೆ ಏರಿಸಲಾಯಿತು. ಅತ್ತಿಯ ಮರಗಳು ಉಳಿದಿದ್ದರೂ ಪೊಟರೆಯಿರುವ ಹಳೆಯ ಮರ ಬಿದ್ದರೆ ಜೋಡಿ ಆ ವರ್ಷ ಮರಿ ಮಾಡುವುದೇ ಕಷ್ಟ. ಅಂಥ ಮರ ಬೆಳೆಯಲು ಮನುಷ್ಯನ ಒಂದು ಆಯುಷ್ಯ ಸಾಲದು. ಕಾಳಿ ನದಿಯ ದಂಡೆಯ ಕಾಡನ್ನು 2011ರಲ್ಲಿ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ರಾಜ್ಯ ಸರ್ಕಾರ ಘೋಷಿಸಿದ್ದರ ಹಿಂದೆ ಇದ್ದದ್ದು ಈ ಲೆಕ್ಕ.

ವಿಚಿತ್ರವೆಂದರೆ ಮಲಬಾರ್ ಪೈಡ್ ಮಂಗಟ್ಟೆಗಳನ್ನು ಹಿಂಡಾಗಿ ನೋಡಲು ದಾಂಡೇಲಿಯಲ್ಲಿ ಜನ ಹೋಗುವ ಹೆಸರಾಂತ ಜಾಗ ಅರಣ್ಯ ಇಲಾಖೆಯ ಟಿಂಬರ್ ಡಿಪೊ. ಕೆಳಗೆ ಕಡಿದು ನಂಬರ್ ಹಾಕಿ ಪೇರಿಸಿದ ದಿಮ್ಮಿಗಳು, ಮೇಲೆ ಉಳಿದಿರುವ ಮರಗಳಲ್ಲಿ ಹಕ್ಕಿಗಳು. ಹಣ್ಣಿನ ಕಾಲದಲ್ಲಿ ಅಲ್ಲಿ ಸ್ವಲ್ಪ ಹೊತ್ತು ನಿಂತರೆ ವಿಲಿಯಂನ ಟೆನಿಸ್ ಚೆಂಡಿನ ಗುಟ್ಟೂ ತಿಳಿಯುತ್ತದೆ. ಮಂಗಟ್ಟೆಯ ನಾಲಿಗೆ ಗಿಡ್ಡ. ಕೊಕ್ಕಿನ ತುದಿಯಲ್ಲಿ ಹಿಡಿದ ಹಣ್ಣನ್ನು ಗಂಟಲಿಗೆ ತಳ್ಳಲು ಅದು ಎಟುಕುವುದಿಲ್ಲ. ಹಾಗಾಗಿ ತಲೆಯನ್ನು ಹಿಂದಕ್ಕೆ ಚಿಮ್ಮಿಸಿ ಹಣ್ಣನ್ನು ಮೇಲಕ್ಕೆ ಎಸೆದು, ಬೀಳುವಾಗ ಗಂಟಲಿಗೇ ಹಿಡಿಯುತ್ತದೆ. ದಿನಕ್ಕೆ ನೂರಾರು ಸಲ.