ಕೋವಿಗೆ ತಕ್ಕ ತೋಟಾ

ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಅಜ್ಜಂಪುರದ ಹೊಲಗಳಿಗೂ ತರೀಕೆರೆಯ ಕಾಡಂಚಿನ ಬಾಗಾಯ್ತಿಗೂ ಹಂದಿ ಇಳಿಯುತ್ತದೆ. ಬೆಳೆರಕ್ಷಣೆಯ ಲೈಸೆನ್ಸು ಇದ್ದವರ ಮನೆಯಲ್ಲಿ ಆಗ ಕೋವಿ ಹೊರಬರುತ್ತದೆ. ಕೋವಿ ಅಜ್ಜನ ಕಾಲದ್ದು, ತೋಟಾ ಮೊನ್ನೆ ಕೊಂಡದ್ದು. ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವವರು ಕಡಿಮೆ. ಹೊಂದದಿದ್ದರೆ ಹಂದಿಗೆ ಏನೂ ಆಗದು. ಹೋಗುವುದು ನಿಮ್ಮ ಎಡಗೈಯ ಬೆರಳು, ಇಲ್ಲವೇ ಕಣ್ಣು.

ಅಂಗಡಿಗೆ ಹೋಗುವ ಮುನ್ನ, ಕೋವಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ನಳಿಗೆಯನ್ನು ಬಿಚ್ಚಿ ಅಡಿಭಾಗವನ್ನು ಎಣ್ಣೆಬಟ್ಟೆಯಿಂದ ಒರೆಸಿ ನೋಡಿ. 12 ಎಂಬ ಅಂಕಿ ಬೋರನ್ನು ಹೇಳುತ್ತದೆ. ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಳತೆಯ ಎಷ್ಟು ಗುಂಡು ಆಗುತ್ತವೋ ಅದೇ ಬೋರು. ಹಾಗಾಗಿ 20 ಬೋರಿನ ತೋಟಾ 12ರದ್ದಕ್ಕಿಂತ ಸಣ್ಣದು. ಅಪಾಯವಿರುವುದು ಇಲ್ಲಿಯೇ. 20ರ ತೋಟಾ 12ರ ಕೋವಿಯೊಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹೊರಗೆ ಕಾಣುವುದಿಲ್ಲ. ಹಾಕಿಲ್ಲವೆಂದು ತಿಳಿದು ಹಿಂದಿನಿಂದ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಎರಡು ಬೋರಿನ ತೋಟಾಗಳನ್ನು ಒಂದೇ ಜೇಬಿನಲ್ಲಿ, ಒಂದೇ ಡಬ್ಬದಲ್ಲಿ ಎಂದೂ ಇಡಬೇಡಿ.

ಬೋರು ಸರಿಯಿದ್ದರೆ ಸಾಲದು, ಉದ್ದವೂ ಹೊಂದಬೇಕು. ಹಳೆಯ ಕೋವಿಗಳ ತೋಟಾಗೂಡು ಹೆಚ್ಚಾಗಿ ಎರಡೂವರೆ ಅಂಗುಲ, ಎಂದರೆ 65 ಮಿಲಿಮೀಟರ್; ಈಚಿನವು 70. ತೋಟಾದ ಮೇಲೆ ಬರೆದ ಉದ್ದ ಹೊಡೆದ ನಂತರ ಬಾಯಿ ಬಿಚ್ಚಿಕೊಂಡಾಗಿನದು. ಆದ್ದರಿಂದ 70ರ ತೋಟಾ 65ರ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. "ಒಳಗೆ ಹೋಯಿತಲ್ಲ" ಎಂಬುದು ಹೊಂದಿಕೆಗೆ ಸಾಕ್ಷಿಯಲ್ಲ.

ನಳಿಗೆಯ ಮೇಲೆ ಹೆಣೆದಂತೆ ಬಳ್ಳಿಬಳ್ಳಿಯಾದ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಮಾಡಿದ ಡಮಾಸ್ಕಸ್ ನಳಿಗೆ. ಅಂಥವು ಹೆಚ್ಚಾಗಿ ಕರಿಮದ್ದಿಗೆಂದೇ ಮಾಡಿದವು. ನೈಟ್ರೋ ಪರೀಕ್ಷೆಯ ಮುದ್ರೆ ಇಲ್ಲದಿದ್ದರೆ ಇಂದಿನ ತೋಟಾ ಹಾಕಬೇಡಿ. ಕೇಪಿನ ಕೋವಿಗೂ ಕರಿಮದ್ದೇ. ತೋಟಾ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದು ಮಿತವ್ಯಯವಲ್ಲ, ಹುಚ್ಚು.

ರಿವಾಲ್ವರು ಬೆಳೆ ಕಾಯುವ ಆಯುಧವಲ್ಲ. ಆದರೂ ಲೈಸೆನ್ಸು ಪಡೆದು ಮನೆಯಲ್ಲಿ ಇಟ್ಟವರಿಗೆ ಒಂದು ಮಾತು. ಕಾನ್ಪುರದ ಸಣ್ಣ ಶಸ್ತ್ರಾಸ್ತ್ರ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರಿಗೆ ಬೇಕಾದದ್ದು ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ಉದ್ದನೆಯ, ಹಿಂಬದಿಯಲ್ಲಿ ಅಂಚಿರುವ ತೋಟಾ. ಪಾಯಿಂಟ್ 32 ಪಿಸ್ತೂಲಿನ ತೋಟಾ ಗಿಡ್ಡ. ಅಂಕಿ ಒಂದೇ, ಜಾತಿ ಬೇರೆ. ಲೈಸೆನ್ಸು, ಆಯುಧದ ಮೇಲಿನ ಬರಹ, ಡಬ್ಬದ ಚೀಟಿ ಮೂರನ್ನೂ ಅಂಗಡಿಯಲ್ಲೇ ತಾಳೆ ನೋಡಿ.

ಚರೆಯ ಅಂಕಿ ಏರಿದಂತೆ ಕಾಳು ಸಣ್ಣದಾಗುತ್ತದೆ. ಬೆದರಿಸಲು ಎಲ್.ಜಿ. ಬೇಕಿಲ್ಲ, ಆ ದಪ್ಪ ಕಾಳು ನಿಮ್ಮ ಬದು ದಾಟಿ ಪಕ್ಕದ ಹೊಲದಲ್ಲಿ ಮಲಗಿದವನನ್ನು ಮುಟ್ಟೀತು. ಮೇಲಾಗಿ ಬೆಳೆಯ ಲೈಸೆನ್ಸು ಬೇಟೆಯ ಅಪ್ಪಣೆಯಲ್ಲ. 1972ರ ವನ್ಯಜೀವಿ ಕಾಯಿದೆ ಇದೆ. ಕಡೂರಿನ ಬಾಸೂರು ಕಾವಲಿನ ಕೃಷ್ಣಮೃಗ ಹೊಲಕ್ಕೆ ಬಂದರೂ ಅದಕ್ಕೆ ಗುಂಡಿಡುವಂತಿಲ್ಲ.

ಮಳೆಗಾಲ ಕಳೆದ ಮೇಲೆ ತೋಟಾಗಳನ್ನು ಒಂದೊಂದಾಗಿ ನೋಡಿ. ಕಾಗದದವು ಊದಿರುತ್ತವೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಊದಿದ್ದನ್ನು ಅದುಮಿ ತುರುಕಬೇಡಿ, ಬಿಸಿಲಿಗೆ ಹಾಕಿ ಒಣಗಿಸಲೂ ಬೇಡಿ. ಹೊಡೆದಾಗ ಹಾರದಿದ್ದರೆ ನಳಿಗೆಯ ಬಾಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾದು, ಆಮೇಲೆ ತೆರೆಯಿರಿ. ಸದ್ದು ಮೆತ್ತಗೆ ಬಂದರೆ ಎರಡನೆಯದನ್ನು ಹೊಡೆಯದೆ ಕೋವಿ ಬಿಚ್ಚಿ, ತೋಟಾ ತೆಗೆದು, ನಳಿಗೆಯೊಳಗೆ ಏನಾದರೂ ಉಳಿದಿದೆಯೇ ನೋಡಿ. ಕೆಟ್ಟ ತೋಟಾಗಳನ್ನು ಒಲೆಗಾಗಲಿ ತಿಪ್ಪೆಗಾಗಲಿ ಹಾಕದೆ, ಬೇರೆ ಕಟ್ಟಿಟ್ಟು, ಲೈಸೆನ್ಸು ಸಮೇತ ಕೊಂಡ ಅಂಗಡಿಯಲ್ಲೋ ಠಾಣೆಯಲ್ಲೋ ವಿಚಾರಿಸಿ ಒಪ್ಪಿಸಿ.