ಟೈರಿನ ಗಾಳಿ ನಿಧಾನವಾಗಿ ಇಳಿಯುತ್ತಿದೆಯೇ? ಕಾರಣ ಹುಡುಕುವ ಕ್ರಮ

ಬೆಳಗಾವಿಯ ಸದಾಶಿವನಗರದಂತಹ ಬಡಾವಣೆಗಳಲ್ಲಿ ವಾಸವಿದ್ದು ಖಾನಾಪುರ ತಾಲ್ಲೂಕಿನ ಗದ್ದೆಗಳಿಗೆ ಕಾರಿನಲ್ಲಿ ಹೋಗಿಬರುವ ರೈತರಿದ್ದಾರೆ. ಒಂದೇ ಟೈರಿಗೆ ವಾರವಾರವೂ ಗಾಳಿ ತುಂಬಿಸಬೇಕಾಗಿ ಬಂದರೆ ಅದನ್ನು ಅಲಕ್ಷಿಸಬಾರದು. ಗಾಳಿ ಕಡಿಮೆಯಾದ ಟೈರಿನ ಪಕ್ಕೆಯು ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಕಾಯುತ್ತದೆ. ಒಳಗಿನ ಪದರಗಳು ಬಿಟ್ಟುಕೊಂಡು, ವೇಗವಾಗಿ ಹೋಗುವಾಗ ಟೈರು ಒಡೆಯುವ ಅಪಾಯವಿದೆ.

ಮೊದಲು ಅಳತೆ

ಬೆಳಿಗ್ಗೆ ವಾಹನ ಓಡಿಸುವ ಮೊದಲೇ ನಾಲ್ಕೂ ಟೈರುಗಳ ಒತ್ತಡವನ್ನು ಅಳೆದು ಬರೆದಿಡಬೇಕು. ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು 1-2 ಪೌಂಡ್ ಇಳಿಯುವುದು ಸಹಜ. 30 ಪೌಂಡ್ ಒತ್ತಡದ ಟೈರಿನಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಒಂದೂವರೆ ಪೌಂಡ್ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ನಾಲ್ಕೂ ಟೈರುಗಳಲ್ಲಿ ಒಂದೇ ಸಮನಾಗಿ ಸ್ವಲ್ಪ ಇಳಿದಿದ್ದರೆ ಚಳಿಯೇ ಕಾರಣವಿರಬಹುದು. ಒಂದರಲ್ಲಿ ಮಾತ್ರ ಇಳಿದರೆ ಸೋರಿಕೆ ಇದೆಯೆಂದೇ ತಿಳಿಯಬೇಕು.

ಸೋಪಿನ ನೀರಿನ ಪರೀಕ್ಷೆ

ಟೈರಿಗೆ ನಿಗದಿತ ಒತ್ತಡದವರೆಗೆ ಗಾಳಿ ತುಂಬಿಸಿ, ಸೋಪಿನ ನೀರನ್ನು ಬ್ರಷ್‌ನಿಂದ ಹಚ್ಚಿ ಕೆಲವು ನಿಮಿಷ ಕಾಯಬೇಕು. ನಿಧಾನದ ಸೋರಿಕೆಯಲ್ಲಿ ಗುಳ್ಳೆಗಳು ತಡವಾಗಿ ಏಳುತ್ತವೆ. ಈ ಅನುಕ್ರಮದಲ್ಲಿ ನೋಡುವುದು ಅನುಕೂಲ:

1. ವಾಲ್ವ್: ಮುಚ್ಚಳ ತೆಗೆದು ಬಾಯಿಗೆ ಸೋಪಿನ ನೀರು ಬಿಡಬೇಕು. ಬಾಯಲ್ಲಿ ಗುಳ್ಳೆ ಬಂದರೆ ಒಳಗಿನ ಪಿನ್ನನ್ನು ಬಿಗಿಗೊಳಿಸಬೇಕು ಅಥವಾ ಬದಲಿಸಬೇಕು. ಟ್ಯೂಬಿಲ್ಲದ ಟೈರಿನಲ್ಲಿ ವಾಲ್ವಿನ ಬುಡದಲ್ಲಿ ಗುಳ್ಳೆ ಬಂದರೆ ಇಡೀ ವಾಲ್ವನ್ನೇ ಬದಲಿಸಬೇಕು.

2. ನೆಲಕ್ಕೆ ತಾಗುವ ಭಾಗ: ಮೊಳೆ, ಬೇಲಿಯ ಮುಳ್ಳು ಅಥವಾ ಬಿದಿರಿನ ಸಿಬಿರು ಚುಚ್ಚಿಕೊಂಡು ತಾನೇ ತೂತನ್ನು ಅರೆಬರೆ ಮುಚ್ಚಿರುತ್ತದೆ. ದಾರಿಯಲ್ಲಿ ಅದನ್ನು ಕಿತ್ತರೆ ಗಾಳಿಯೆಲ್ಲ ಒಮ್ಮೆಲೇ ಹೋದೀತು. ಸುತ್ತ ಗುರುತು ಮಾಡಿ ಅಂಗಡಿಗೆ ಒಯ್ಯಬೇಕು. ಪಕ್ಕೆಯಲ್ಲಿ ತೂತಾಗಿದ್ದರೆ ತೇಪೆಯನ್ನು ನಂಬದೆ ಟೈರನ್ನೇ ಬದಲಿಸುವುದು ಒಳಿತು.

3. ಟೈರಿನ ಅಂಚು ಮತ್ತು ರಿಮ್ಮು ಸೇರುವಲ್ಲಿ: ಮಳೆ, ಕೆಸರಿನಿಂದ ರಿಮ್ಮು ತುಕ್ಕು ಹಿಡಿದರೆ ಅಂಚು ಸರಿಯಾಗಿ ಕೂರುವುದಿಲ್ಲ. ಟೈರು ಬಿಚ್ಚಿ ತುಕ್ಕು ಉಜ್ಜಿಸಬೇಕು. ಒಳಬದಿಯ ಅಂಚನ್ನೂ ನೋಡಲು ಮರೆಯಬಾರದು.

4. ರಿಮ್ಮು: ಗುಂಡಿಗೆ ಬಿದ್ದು ಬಾಗಿದ ಅಥವಾ ಬಿರುಕು ಬಿಟ್ಟ ರಿಮ್ಮಿನಿಂದಲೂ ಗಾಳಿ ಸೋರುತ್ತದೆ.

ಟ್ಯೂಬ್ ಇರುವ ಚಕ್ರಗಳಲ್ಲಿ

ಟ್ರ್ಯಾಕ್ಟರ್ ಮತ್ತು ಟ್ರೇಲರ್‌ಗಳ ಟ್ಯೂಬು ಎಲ್ಲಿ ತೂತಾದರೂ ಗಾಳಿಯು ಒಳಗೆ ಹರಿದು ರಿಮ್ಮಿನ ವಾಲ್ವ್ ರಂಧ್ರದಿಂದ ಹೊರಬರಬಹುದು. ಆದ್ದರಿಂದ ಅಲ್ಲಿ ಗುಳ್ಳೆ ಕಂಡ ಮಾತ್ರಕ್ಕೆ ವಾಲ್ವೇ ಕೆಟ್ಟಿದೆಯೆನ್ನಲಾಗದು. ಟ್ಯೂಬನ್ನು ಹೊರತೆಗೆದು ನೀರಿನಲ್ಲಿ ಮುಳುಗಿಸಿ ನೋಡಬೇಕು. ತೇಪೆ ಹಾಕಿದ ಮೇಲೆ ಟೈರಿನ ಒಳಮೈಯನ್ನೂ ಜಾಗ್ರತೆಯಿಂದ ಪರೀಕ್ಷಿಸಬೇಕು. ಅಲ್ಲಿ ಮುಳ್ಳು ಉಳಿದಿದ್ದರೆ ಟ್ಯೂಬು ಮತ್ತೆ ತೂತಾಗುವುದು ಖಂಡಿತ.

ಎಚ್ಚರಿಕೆ

ಟೈರು ಇರುವಾಗ ರಿಮ್ಮಿಗೆ ಬೆಸುಗೆ ಹಾಕಿಸಲೇಬಾರದು; ಕಾವಿಗೆ ಟೈರು ಸಿಡಿದು ಪ್ರಾಣಹಾನಿಯಾಗಬಹುದು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ಕಂಡರೂ ಗಾಳಿ ಬಿಡಬಾರದು. ದುರಸ್ತಿಯಾದ ಬಳಿಕ ಒಂದು ವಾರ ಪ್ರತಿ ಬೆಳಿಗ್ಗೆ ಒತ್ತಡ ಅಳೆದು ನೋಡಿದರೆ ಸೋರಿಕೆ ನಿಂತಿದೆಯೋ ಇಲ್ಲವೋ ಎಂಬುದು ಖಚಿತವಾಗುತ್ತದೆ.