ವಕ್ತೃವಿನ ಹೆಸರು: ಆನರ್ಸ್ ವ್ಯಾಸಂಗದಲ್ಲಿ ದೇಸಿ ಅರಿವಿನ ಅಧ್ಯಯನ

ಮಲೆಯ ಮಾದೇಶ್ವರ ಕಾವ್ಯದ ಒಂದು ಪಠ್ಯವನ್ನು ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದಾಗ, ಅದನ್ನು ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಹೆಸರು ಅಡಿಟಿಪ್ಪಣಿಯಲ್ಲಿ ಮರೆಯಾಗಲಿಲ್ಲ. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರು ಮಾಡಿದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿದಾಗಲೂ ಗಾಯಕನ ಹೆಸರು ಕಾವ್ಯದ ಜೊತೆಗೇ ಸಾಗಿತು. ತುಳುವಿನ ಸಿರಿ ಪಾಡ್ದನವನ್ನು ಕುರಿತು ಫಿನ್ಲೆಂಡಿನ ಲೌರಿ ಹೊಂಕೊ ಅವರು, ಬಿ. ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಕಾರದೊಂದಿಗೆ, 1998ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ. ಇದಕ್ಕೂ ಬಹಳ ಹಿಂದೆ, 1931ರಲ್ಲಿ, ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಕನ್ನಡಕ್ಕೆ ಕೊಟ್ಟರು. ಅಲ್ಲಿ ಹಾಡಿದ ಹೆಣ್ಣುಮಕ್ಕಳೆಲ್ಲರೂ ‘ಗರತಿ’ ಎಂಬ ಒಂದೇ ಹೆಸರಿನಲ್ಲಿ ಸೇರಿಹೋದರು. ಆ ಹಿರಿಯರನ್ನು ಇಲ್ಲಿ ದೂಷಿಸುವುದು ಸಲ್ಲದು. ಹಾಡು ಒಬ್ಬರದಲ್ಲ, ಇಡೀ ಸಮುದಾಯದ್ದು ಎಂಬ ಗಾಢವಾದ ನಂಬಿಕೆ ಅವರದಾಗಿತ್ತು. ಆದರೂ ಈ ಎರಡು ಘಟ್ಟಗಳ ನಡುವಿನ ಅಂತರವನ್ನು ನಮ್ಮ ವಿಭಾಗಗಳು ಇನ್ನೂ ಪೂರ್ತಿಯಾಗಿ ಅರಗಿಸಿಕೊಂಡಿಲ್ಲವೆಂದು ನನಗೆ ತೋರುತ್ತದೆ. ನಾನು ವಿದ್ಯಾರ್ಥಿಯಾಗಿದ್ದ ಕಾಲದ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವೊಂದು ಈಗಲೂ ನನ್ನ ಬಳಿ ಇದೆ. ಮೂವತ್ತು ಗಿಡಗಳ ಬಳಕೆಯನ್ನು ವಿವರಿಸಿದ ಹಿರಿಯಳೊಬ್ಬಳ ವಿಷಯದಲ್ಲಿ ಅದರಲ್ಲಿರುವುದು ಇಷ್ಟೇ: ‘ವಕ್ತೃ: ಹೆಣ್ಣು, ಸುಮಾರು 60 ವರ್ಷ’. ಗಿಡಗಳ ಹೆಸರುಗಳನ್ನು ಮಾತ್ರ ತಪ್ಪಿಲ್ಲದೆ ಬರೆದುಕೊಂಡಿದ್ದೇನೆ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ನಾಲ್ಕು ವರ್ಷಗಳ ಆನರ್ಸ್ ಪದವಿಯೂ, ಅದರ ಕೊನೆಯ ವರ್ಷದಲ್ಲಿ ಸಂಶೋಧನ ಸಂಪ್ರಬಂಧವೂ ಚಾಲ್ತಿಗೆ ಬಂದಿವೆ. ದೆಹಲಿ ವಿಶ್ವವಿದ್ಯಾಲಯವು 2022ರಲ್ಲಿ ಈ ಪದ್ಧತಿಯನ್ನು ಆರಂಭಿಸಿತು. ಅಲ್ಲಿನ ಮೊದಲ ತಂಡದ ವಿದ್ಯಾರ್ಥಿಗಳು 2025ರಲ್ಲಿ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟರು. ಕರ್ನಾಟಕದಲ್ಲಿ 2021ರಲ್ಲಿ ಬಂದ ಈ ವ್ಯವಸ್ಥೆಯನ್ನು ಸರ್ಕಾರವು 2024ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆ ವಾದವಿವಾದ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಆನರ್ಸ್ ಎಂಬುದು ಕನ್ನಡಕ್ಕೆ ಹೊಸದೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಕನ್ನಡ ಆನರ್ಸ್ ತರಗತಿಗಳಿಂದ ಹೊರಬಂದ ವಿದ್ವಾಂಸರ ಋಣ ನಮ್ಮೆಲ್ಲರ ಮೇಲೂ ಇದೆ. ಆ ತರಗತಿಯ ವಿದ್ಯಾರ್ಥಿ ಹಳಗನ್ನಡ ಪಠ್ಯದ ಮುಂದೆ ಕುಳಿತಿದ್ದ. ಇಂದಿನ ವಿದ್ಯಾರ್ಥಿ ‘ಭಾರತೀಯ ಜ್ಞಾನ ಪರಂಪರೆ’ ಎಂಬ ಶೀರ್ಷಿಕೆಯಡಿಯಲ್ಲಿ ವಿಷಯವನ್ನು ಆರಿಸಿಕೊಂಡು, ಒಂದೇ ವರ್ಷದ ಅವಧಿಯಲ್ಲಿ, ಜೀವಂತ ಮನುಷ್ಯರ ಮುಂದೆ ಕುಳಿತುಕೊಳ್ಳಲಿದ್ದಾನೆ. ಪಠ್ಯವು ಮರುಮಾತಾಡುವುದಿಲ್ಲ, ಮನುಷ್ಯರು ಆಡುತ್ತಾರೆ. ಆ ಮರುಮಾತನ್ನು ಕೇಳುವ ಸಿದ್ಧತೆಯನ್ನು ನಾವು ಕೊಟ್ಟಿದ್ದೇವೆಯೆ ಎಂಬುದು ಪ್ರಶ್ನೆ.

ಮೊದಲು ಪರಿಭಾಷೆಯ ತೊಡಕನ್ನು ಬಿಡಿಸಿಕೊಳ್ಳಬೇಕು. ಜ್ಞಾನ ಪರಂಪರೆ ಎಂದೊಡನೆ ನಮ್ಮ ಮನಸ್ಸು ಶಾಸ್ತ್ರಗ್ರಂಥಗಳತ್ತ ಹೊರಳುತ್ತದೆ. ಕನ್ನಡದಲ್ಲಿ ಅವಕ್ಕೆ ಕೊರತೆಯಿಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (1025), ಕೀರ್ತಿವರ್ಮನ ‘ಗೋವೈದ್ಯ’, ಮಳೆಯ ಲಕ್ಷಣಗಳನ್ನು ಹೇಳುವ ಅರ್ಹದ್ದಾಸನ ‘ರಟ್ಟಮತ’, ವಿಷವೈದ್ಯವನ್ನು ಕುರಿತ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವೆಲ್ಲ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಒಂದೊಂದು ಪ್ಯಾರಾದ ಜಾಗ ಪಡೆದಿರುವ ಕೃತಿಗಳು. ಇವನ್ನು ಮತ್ತೆ ಓದಬೇಕಾದುದು ನಿಜ. ಆದರೆ ಬಾವಿ ತೋಡುವವನು, ಸೂಲಗಿತ್ತಿ, ಜೇನು ಇಳಿಸುವವನು ತಮ್ಮ ಅರಿವನ್ನು ಓಲೆಗರಿಗೆ ಇಳಿಸಲಿಲ್ಲ. ಬರೆದಿಟ್ಟ ಅರಿವಿಗೆ ರಾಜಾಶ್ರಯವಿತ್ತು, ಇಂದೂ ರಕ್ಷಣೆಯಿದೆ. 2001ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಾರಂಪರಿಕ ಜ್ಞಾನದ ಅಂಕೀಯ ಗ್ರಂಥಾಲಯವು ವಿದೇಶೀ ಪೇಟೆಂಟುಗಳನ್ನು ತಡೆಯಲು ಆಧಾರವಾಗಿ ಬಳಸಿಕೊಂಡದ್ದು ಆಯುರ್ವೇದ, ಯುನಾನಿ, ಸಿದ್ಧ ಮುಂತಾದ ಪದ್ಧತಿಗಳ ಗ್ರಂಥಗಳನ್ನು. ನಾಲಗೆಯ ಮೇಲಿರುವ ವಿದ್ಯೆಗೆ ಅಂಥ ಕಾವಲು ಸುಲಭವಾಗಿ ದೊರೆಯುವುದಿಲ್ಲ. ಮಾರ್ಗ ಮತ್ತು ದೇಸಿ ಎಂಬ ನಮ್ಮ ಹಳೆಯ ಜೋಡಿ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಈ ಲೇಖನದಲ್ಲಿ ದೇಸಿ ಅರಿವು ಎಂದರೆ, ಒಂದು ನೆಲದಲ್ಲಿ ಬಾಳಿದ ಸಮುದಾಯವು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಸಿದ ತಿಳಿವಳಿಕೆ ಎಂದೇ ಅರ್ಥ.

ಇಂಥ ಅರಿವನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ. ಅಲ್ಲಿನ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿಯಿತ್ತು. ಬೇಸಗೆಯ ಆರಂಭದಲ್ಲಿಯೇ, ಉದುರಿದ ಎಲೆಯ ಪದರ ಇನ್ನೂ ತೆಳುವಾಗಿರುವಾಗ, ನೆಲದ ಮಟ್ಟದಲ್ಲಿ ಹರಿಯುವಂತೆ ಇಡುವ ಸಣ್ಣ ಬೆಂಕಿಯದು. ಮರಗಳನ್ನು ಸುಡದೆ ತರಗನ್ನಷ್ಟೇ ತಿಂದು ಆರಿಹೋಗುವ ಬೆಂಕಿ. 1974ರಲ್ಲಿ ಆ ಪ್ರದೇಶ ವನ್ಯಜೀವಿಧಾಮವಾಯಿತು, ಸೋಲಿಗರು ತಮ್ಮ ಪೋಡುಗಳಿಂದ ಕದಲಬೇಕಾಯಿತು, ಬೆಂಕಿ ಅಪರಾಧವಾಯಿತು. ಮುಂದಿನ ದಶಕಗಳಲ್ಲಿ ಕಾಡಿನ ತಳವನ್ನು ಲಂಟಾನ ಆವರಿಸಿತು. ನೆಲ್ಲಿಯ ಮರಗಳಿಗೆ, ಸೋಲಿಗರು ‘ಉಪ್ಪಿಲು’ ಎಂದು ಕರೆಯುವ ಬಂದಳಿಕೆ ಹತ್ತಿತು. ಬೆಂಕಿ ನಿಂತದ್ದರಿಂದಲೇ ಇವೆರಡೂ ಹೆಚ್ಚಿದವು ಎಂದು ಸೋಲಿಗರು ಹೇಳುತ್ತಲೇ ಬಂದರು. ಆ ಮಾತನ್ನು ಸಂಶೋಧಕರು ಗಂಭೀರವಾಗಿ ಪರಿಶೀಲಿಸಿ ವಿದ್ವತ್ಪತ್ರಿಕೆಗಳಲ್ಲಿ ಚರ್ಚಿಸುವ ಹೊತ್ತಿಗೆ 2010 ದಾಟಿತ್ತು. ಹುಲಿ ಮೀಸಲು ಪ್ರದೇಶವೆಂಬ ಘೋಷಣೆಯೂ, 2006ರ ಅರಣ್ಯ ಹಕ್ಕು ಕಾಯಿದೆಯ ಅನ್ವಯ ಸೋಲಿಗರ ಸಾಮುದಾಯಿಕ ಹಕ್ಕುಗಳ ಮಾನ್ಯತೆಯೂ ಒಂದೇ ವರ್ಷ, 2011ರಲ್ಲಿ, ಬಂದವು. ಹುಲಿ ಮೀಸಲಿನೊಳಗೆ ಅಂಥ ಮಾನ್ಯತೆ ದೊರೆತದ್ದು ದೇಶದಲ್ಲಿ ಅದೇ ಮೊದಲು.

ಈ ಕಥನದಲ್ಲಿ ಕನ್ನಡ ವಿದ್ಯಾರ್ಥಿ ಗಮನಿಸಬೇಕಾದ ಅಂಶ ಬೆಂಕಿಗಿಂತಲೂ ಮಾತಿಗೆ ಸಂಬಂಧಿಸಿದ್ದು. ಸೋಲಿಗರ ಹೇಳಿಕೆ ‘ನಂಬಿಕೆ’ಯ ಪಟ್ಟಿಯಲ್ಲಿದ್ದಷ್ಟು ಕಾಲ ಅದಕ್ಕೆ ಬೆಲೆಯಿರಲಿಲ್ಲ. ಅದನ್ನು ‘ವಾದ’ವೆಂದು, ಕಾರಣ ಮತ್ತು ಪರಿಣಾಮಗಳನ್ನು ಜೋಡಿಸುವ ತರ್ಕವೆಂದು ಓದಿದಾಗ ಅದು ಪರೀಕ್ಷೆಗೆ ಯೋಗ್ಯವಾಯಿತು. ವಾದವೆಂದ ಮೇಲೆ ಅದನ್ನು ಪ್ರಶ್ನಿಸಲೂಬಹುದು. ಎಲ್ಲವೂ ಬೆಂಕಿಯಿಂದಲೇ ಆಯಿತೆಂದು ಒಪ್ಪಬೇಕಾಗಿಲ್ಲ. ಹೇಳಿದ್ದನ್ನೆಲ್ಲ ಪೂಜ್ಯವೆಂದು ತಲೆಯ ಮೇಲಿಟ್ಟುಕೊಳ್ಳುವುದೂ ಕೂಡ ಹೇಳಿದವರನ್ನು ವಿದ್ವಾಂಸರ ಸಾಲಿನಿಂದ ಹೊರಗಿಡುವ ಇನ್ನೊಂದು ಬಗೆಯೇ. ಸೋಲಿಗ ಸಮುದಾಯದವರೇ ಆದ ಸಿ. ಮಾದೇಗೌಡ ಅವರು 2009ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ತಮ್ಮವರ ಅರಿವನ್ನು ಕುರಿತು ತಮ್ಮದೇ ಹೆಸರಿನಲ್ಲಿ ಲೇಖನ ಬರೆದರು. ವಕ್ತೃವೂ ಲೇಖಕನೂ ಒಬ್ಬನೇ ಆದ ಆ ಕ್ಷಣವನ್ನು ನಮ್ಮ ಸಂಶೋಧನ ವಿಧಾನದ ತರಗತಿಗಳಲ್ಲಿ ಪಾಠವಾಗಿ ಇಡಬೇಕು.

ಭಾಷಾ ವಿಭಾಗಕ್ಕೆ ಇಲ್ಲಿ ಏನು ಕೆಲಸ, ಇದು ಸಸ್ಯಶಾಸ್ತ್ರದವರ ಪಾಡಲ್ಲವೆ ಎಂದು ಕೇಳುವವರುಂಟು. ಆಂಗ್ ಸಿ ಎಂಬ ಭಾಷಾವಿಜ್ಞಾನಿ 2016ರಲ್ಲಿ ಪ್ರಕಟಿಸಿದ ಗ್ರಂಥವು ಸೋಲಿಗರ ಪರಿಸರಜ್ಞಾನವನ್ನು ಅವರ ನುಡಿಯ ಮೂಲಕವೇ ವಿವೇಚಿಸುತ್ತದೆ. ಗಿಡಕ್ಕೆ, ಹಕ್ಕಿಗೆ, ಜೇನಿನ ಜಾತಿಗಳಿಗೆ ಒಂದು ಸಮುದಾಯ ಹೇಗೆ ಹೆಸರಿಡುತ್ತದೆ, ಯಾವುದನ್ನು ಯಾವುದರ ಜೊತೆ ಸೇರಿಸುತ್ತದೆ ಎಂಬುದರಲ್ಲಿ ವರ್ಗೀಕರಣದ ಶಾಸ್ತ್ರವಿದೆ. ಸೋಲಿಗ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಆ ಕೆಲಸಕ್ಕೆ ಕನ್ನಡದ ವಿದ್ಯಾರ್ಥಿಗಿಂತ ಅನುಕೂಲವುಳ್ಳವನು ಯಾರು? ಅಪಾಯವೂ ಅಲ್ಲಿಯೇ ಇದೆ. ಹತ್ತಿರದ ನುಡಿಯಾದ್ದರಿಂದ ‘ಅಶುದ್ಧ ಕನ್ನಡ’ವೆಂದು ತಿದ್ದಿಬಿಡುವ ಚಪಲ ನಮಗೆ ಹುಟ್ಟುತ್ತದೆ. ತಿದ್ದಿದ ಕೂಡಲೆ ಹೆಸರಿನೊಳಗಿನ ತಿಳಿವು ಸೋರಿಹೋಗುತ್ತದೆ.

ಮಾತಿಗೆ ನಿಲುಕದ ಅರಿವೂ ಉಂಟು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಓದುಬರಹ ಬಲ್ಲವರಾಗಿರಲಿಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಯಾವ ತಾಯಿಮರದಿಂದ ಯಾವಾಗ ಬೀಜ ತೆಗೆಯಬೇಕೆಂಬುದನ್ನು ಬಲ್ಲವರೆಂದು ಹೆಸರಾದರು. 2020ರ ಪದ್ಮಶ್ರೀ ಪುರಸ್ಕೃತರಾದ ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥವರ ಮುಂದೆ ಪ್ರಶ್ನಾವಳಿ ಹಿಡಿದು ನಿಂತವನಿಗೆ ಸಿಗುವುದು ಅಲ್ಪ. ಅವರ ಜೊತೆ ಒಂದು ಋತು ಬೀಜ ಆಯ್ದವನಿಗೆ ಸ್ವಲ್ಪ ಹೆಚ್ಚು ಸಿಕ್ಕೀತು.

ಇನ್ನು ಹೇಳಲೊಲ್ಲದ ಅರಿವು. ನಾಟಿ ವೈದ್ಯರು ಔಷಧಿಯ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎನ್ನುತ್ತಾರೆ. ಇದನ್ನು ಮೂಢನಂಬಿಕೆಯೆಂದು ಬರೆದ ಸಂಪ್ರಬಂಧಗಳು ನಮ್ಮಲ್ಲಿ ಕಡಮೆಯಿಲ್ಲ. ಅದು ಒಡೆತನದ ನಿಯಮವೆಂದು, ಯಾರಿಗೆ ಯಾವ ಯೋಗ್ಯತೆಯ ಮೇಲೆ ವಿದ್ಯೆ ದಾಟಬೇಕೆಂಬ ಕಟ್ಟಳೆಯೆಂದು ಓದುವುದು ಹೆಚ್ಚು ಸರಿಯೆಂದು ನನ್ನ ಎಣಿಕೆ. ನೆರೆಯ ಕೇರಳದ ಅಗಸ್ತ್ಯಮಲೆಯಲ್ಲಿ 1987ರಲ್ಲಿ ಕಾಣಿ ಬುಡಕಟ್ಟಿನ ಮಾರ್ಗದರ್ಶಿಗಳು ಆಯಾಸ ಕಳೆಯುವ ‘ಆರೋಗ್ಯಪಚ್ಚ’ ಎಂಬ ಸಸ್ಯವನ್ನು ವಿಜ್ಞಾನಿಗಳಿಗೆ ತೋರಿಸಿದರು. ಅದರಿಂದ ‘ಜೀವನಿ’ ಎಂಬ ಔಷಧಿ ತಯಾರಾಯಿತು. ಪರವಾನಗಿ ಶುಲ್ಕದಲ್ಲಿಯೂ ರಾಜಧನದಲ್ಲಿಯೂ ಅರ್ಧಪಾಲು ಕಾಣಿಗಳಿಗೆಂದು ಗೊತ್ತಾಗಿ, ಅದಕ್ಕಾಗಿ 1997ರಲ್ಲಿ ಅವರದೇ ಒಂದು ನ್ಯಾಸ ಸ್ಥಾಪಿತವಾಯಿತು. ಲಾಭ ಹಂಚಿಕೆಗೆ ಜಗತ್ತೇ ಉದಾಹರಿಸುವ ಪ್ರಕರಣವಿದು. ಆದರೂ ಗುಟ್ಟು ಹೇಳಿದ್ದು ಸರಿಯೆ, ಹೇಳುವ ಅಧಿಕಾರ ಯಾರದು ಎಂಬ ಭಿನ್ನಾಭಿಪ್ರಾಯ ಕಾಣಿಗಳ ನಡುವೆಯೇ ಎದ್ದಿತು. ಒಬ್ಬರ ಒಪ್ಪಿಗೆ ಇಡೀ ಸಮುದಾಯದ ಒಪ್ಪಿಗೆಯಲ್ಲ. ನ್ಯೂಜಿಲೆಂಡಿನ ಮಾವೊರಿ ವಿದುಷಿ ಲಿಂಡಾ ತುಹಿವಾಯ್ ಸ್ಮಿತ್ 1999ರ ತಮ್ಮ ಗ್ರಂಥದಲ್ಲಿ ಸಂಶೋಧನೆಯೆಂಬ ಪದವೇ ಮೂಲನಿವಾಸಿಗಳ ಕಿವಿಗೆ ಕಹಿಯಾದುದನ್ನು ವಿವರಿಸಿದರು. ದಕ್ಷಿಣ ಆಫ್ರಿಕಾದ ಸಾನ್ ಜನರು 2017ರಲ್ಲಿ ತಮ್ಮ ಬಳಿಗೆ ಬರುವ ಸಂಶೋಧಕರಿಗೆ ತಾವೇ ನೀತಿಸಂಹಿತೆಯೊಂದನ್ನು ರಚಿಸಿದರು. ಆನರ್ಸ್ ವಿದ್ಯಾರ್ಥಿ ಹಾಡಿಗೆ ಹೊರಡುವ ಮುನ್ನ ಇವನ್ನು ಓದಿರಬೇಕು. ಬೇಡವೆಂದದ್ದನ್ನು ಬರೆಯದೆ ಬಿಟ್ಟರೆ ಅಂಕ ಕಡಮೆಯಾಗುವುದಿಲ್ಲವೆಂಬ ಭರವಸೆಯನ್ನು ಪರೀಕ್ಷಕರು ಕೊಡಬೇಕು.

ಒಂದು ವರ್ಷದಲ್ಲಿ ಬೆಟ್ಟದ ಹಾಡಿಗೆ ಹೋಗಿ, ನಂಬಿಕೆ ಗಳಿಸಿ, ಬರೆದು ಮುಗಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಹೊರನಾಡಿನ ಕನ್ನಡಿಗರಿಗಂತೂ ಅದು ದೂರದ ಮಾತು. ಈ ಲೇಖನವನ್ನು ನಾನು ಬರೆಯುತ್ತಿರುವುದು ದೆಹಲಿಯ ಅಂಚಿನ ಇಂದಿರಾಪುರಂನಲ್ಲಿ. ಗಾಜಿಯಾಬಾದಿಗೆ ಸೇರಿದ ಈ ಬಡಾವಣೆಯ ಬಹುಮಹಡಿಗಳ ನಡುವೆ ಮಕನ್‌ಪುರ, ಕನಾವನಿ ಎಂಬ ಹಳ್ಳಿಗಳು ಇನ್ನೂ ಹೆಸರು ಉಳಿಸಿಕೊಂಡಿವೆ. ಇಲ್ಲಿಂದ ದೆಹಲಿಯ ಕಾಲೇಜಿಗೆ ಹೋಗುವ ಕನ್ನಡ ಮನೆಯ ಹುಡುಗಿಯೊಬ್ಬಳು ನಾಲ್ಕನೆಯ ವರ್ಷಕ್ಕೆ ವಿಷಯ ಕೇಳಿದಳೆಂದು ಇಟ್ಟುಕೊಳ್ಳೋಣ. ಅವಳಿಗೆ ನಾನು ಸೂಚಿಸುವುದು ಮಳೆ ನಕ್ಷತ್ರಗಳನ್ನು.

ಮೊಮ್ಮಕ್ಕಳ ಸಲುವಾಗಿ ಊರು ಬಿಟ್ಟು ಬಂದ ಅಜ್ಜಿಗೆ ರೋಹಿಣಿ, ಮೃಗಶಿರ, ಆರಿದ್ರೆಗಳ ಲೆಕ್ಕ ಬಾಯಲ್ಲಿದೆ. ಅವಳ ಊರಲ್ಲಿ ಮುಂಗಾರು ಜೂನ್ ಮೊದಲ ವಾರದ ಆಸುಪಾಸಿಗೆ ಮುಟ್ಟುತ್ತದೆ. ಸುಮಾರು ಜೂನ್ 8ಕ್ಕೆ ಹುಟ್ಟುವ ಮೃಗಶಿರೆಯೊಡನೆ ಬೇಸಾಯದ ಬದುಕು ತೆರೆಯುತ್ತದೆ. ದೆಹಲಿಗೆ ಮುಂಗಾರು ತಲುಪುವ ಸರಾಸರಿ ದಿನ ಜೂನ್ 27. ಅಂದರೆ ಇಲ್ಲಿ ಮೃಗಶಿರೆಯುದ್ದಕ್ಕೂ ಬೀಸುವುದು ‘ಲೂ’ ಎಂಬ ಬಿಸಿಗಾಳಿ, ಮಳೆಯ ಮಾತು ಆರಿದ್ರೆಯಲ್ಲಿ. ಅಜ್ಜಿಯ ಲೆಕ್ಕ ಇಲ್ಲಿ ತಪ್ಪುತ್ತದೆಯೆ, ಅಥವಾ ಅವಳು ಅದನ್ನು ಹೊಸ ನೆಲಕ್ಕೆ ಹೊಂದಿಸಿಕೊಂಡಿದ್ದಾಳೆಯೆ? ಗಂಗಾ–ಯಮುನೆಗಳ ಈ ಬಯಲಿನ ರೈತರಿಗೂ ಅವೇ ನಕ್ಷತ್ರಗಳಿವೆ. ಘಾಘ್ ಮತ್ತು ಭಡ್ಡರಿಯರ ಹೆಸರಿನಲ್ಲಿ ಹಿಂದಿ ಪ್ರದೇಶದಲ್ಲಿ ಮಳೆಯ ನಾಣ್ಣುಡಿಗಳು ಹಬ್ಬಿವೆ. ಹಿಂದೆ ಹೊಲ ಉತ್ತಿದ್ದ ಮಕನ್‌ಪುರದ ಹಿರಿಯರೊಬ್ಬರಿಗೂ ಈ ಅಜ್ಜಿಗೂ ಮಾತು ಬೆಳೆದರೆ, ನಡುವೆ ಕುಳಿತ ಹುಡುಗಿಯ ಕೈಯಲ್ಲಿ ‘ರಟ್ಟಮತ’ವೂ ಇದ್ದರೆ, ಬರೆದ ಶಾಸ್ತ್ರ, ತೆಂಕಣ ನಾಲಗೆ, ಬಡಗಣ ನಾಲಗೆ ಮೂರೂ ಒಂದೇ ಆಕಾಶದ ಕೆಳಗೆ ಎದುರುಬದುರಾಗುತ್ತವೆ. ದೇಸಿ ಅರಿವು ನೆಲಕ್ಕೆ ಅಂಟಿದ್ದೆಂದು ಪುಸ್ತಕದಲ್ಲಿ ಓದುವುದಕ್ಕಿಂತ, ಅದು ನೆಲ ಬಿಟ್ಟಾಗ ಏನಾಗುತ್ತದೆಂದು ಕಾಣುವುದಕ್ಕೆ ಇಂದಿರಾಪುರಂನ ಬಾಲ್ಕನಿ ಒಳ್ಳೆಯ ಕ್ಷೇತ್ರವೇ ಸರಿ.

ಇಂಥ ಕೆಲಸಕ್ಕೆ ದೊಡ್ಡ ಸಲಕರಣೆ ಬೇಡ. ರೋಹಿಣಿ ಹುಟ್ಟುವ ಮೊದಲೇ, ಮೇ ತಿಂಗಳಲ್ಲಿ, ದಿನಚರಿ ಆರಂಭವಾಗಬೇಕು. ಅಜ್ಜಿ ಏನು ಹೇಳಿದಳು, ಆ ದಿನ ಆಕಾಶ ಏನು ಮಾಡಿತು ಎಂಬುದು ಒಂದೇ ಪುಟದಲ್ಲಿರಬೇಕು. ಬರೆದದ್ದನ್ನು ತಿಂಗಳಿಗೊಮ್ಮೆ ಇಬ್ಬರು ಹಿರಿಯರಿಗೂ ಓದಿ ಹೇಳಬೇಕು, ಅವರು ತಿದ್ದಿದ್ದನ್ನು ತಿದ್ದುಪಡಿಯೆಂದೇ ದಾಖಲಿಸಬೇಕು. ಹೆಸರನ್ನು ಪೂರ್ತಿಯಾಗಿ ಬರೆಯಲೆ, ಮೊದಲಕ್ಷರವಷ್ಟೇ ಸಾಕೆ ಎಂದು ಮೊದಲ ದಿನವೇ ಅವರನ್ನು ಕೇಳಬೇಕು. ನನ್ನ ಆ ಟಿಪ್ಪಣಿ ಪುಸ್ತಕದಲ್ಲಿ ಕೇಳದೆ ಉಳಿದ ಪ್ರಶ್ನೆ ಅದೊಂದೇ ಆಗಿತ್ತು.